ಕಂಡಕ್ಟರ್ ರೇಣುಕಕ್ಕ ಕೂಡಿಸಿದ ಜೋಡಿಗಳು

ರೇಣುಕಕ್ಕ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದರೆ ಬಸ್ಸಷ್ಟೇ ಅಲ್ಲ, ರಸ್ತೆ ದಾಟುತ್ತಿದ್ದ ಎಮ್ಮೆಯೂ ನಿಲ್ಲುತ್ತಿತ್ತು. ಆಕೆ ಹಿರಿಯೂರು ಕಡೆಯ ಕುರಿ ಕಾಯುವವರ ಮನೆಯ ಮಗಳು. ಶಿಳ್ಳೆ ಅಪ್ಪ ಕಲಿಸಿದ್ದು. "ಹೆಂಗಸು ಹಿಂಗೆಲ್ಲ ಶಿಳ್ಳೆ ಹೊಡೀಬಾರ್ದಮ್ಮ" ಎಂದು ಯಾರಾದರೂ ಹಿರಿಯರು ಬುದ್ಧಿ ಹೇಳಿದರೆ, "ಹೊಡೆದೋರು ಗಂಡೋ ಹೆಣ್ಣೋ ಅಂತ ಕುರಿ ಕೇಳಲ್ಲ ಬಿಡ್ರಿ, ತಿರುಗಿ ನೋಡ್ತವೆ ಅಷ್ಟೆ" ಎನ್ನುತ್ತಿದ್ದಳು. ತಿರುಗಿ ನೋಡಿದ್ದ ಹಿರಿಯರು ಮುಂದೆ ಮಾತಾಡುತ್ತಿರಲಿಲ್ಲ.

ಚಿಕ್ಕಜಾಜೂರಿನಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗುವ ಬೆಳಗಿನ ಬಸ್ಸು ಆಕೆಯದು. ನಾನು ಹೊಳಲ್ಕೆರೆಯಲ್ಲಿ ಹತ್ತಿ, ದುರ್ಗದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡಲು ಹೋಗುತ್ತಿದ್ದೆ. ಸಾಹಿತ್ಯವನ್ನು ಕಾಪಾಡುವ ಹೊಣೆ ನನ್ನ ಮೇಲಿದೆ ಎಂದು ಯಾರೂ ಹೇಳದಿದ್ದರೂ ನಂಬಿಕೊಂಡಿದ್ದೆ. ಹಾಗಾಗಿ ನಮ್ಮ ಕಂಡಕ್ಟರ್ ಕತೆ ಬರೆಯುತ್ತಾಳೆ, ಅದನ್ನು ಸಾವಿರಾರು ಜನ ಓದುತ್ತಾರೆ ಎಂದು ಗೊತ್ತಾದಾಗ ಆಘಾತವಾಯಿತು. ನನ್ನ ಎರಡು ಕವನ ಸಂಕಲನಗಳು ಇವತ್ತಿಗೂ ಮಂಚದ ಕೆಳಗೆ ಕ್ಷೇಮವಾಗಿವೆ.

ಆಕೆ ಬರೆಯುತ್ತಿದ್ದುದು ಫ್ಯಾನ್ ಫಿಕ್ಷನ್. ಸಂಜೆ ಟೀವಿಯಲ್ಲಿ ಬರುವ ಒಂದು ಧಾರಾವಾಹಿಯ ಪಾತ್ರಗಳನ್ನೇ ಎತ್ತಿಕೊಂಡು, ಅವರಿಗೆ ತನಗೆ ಸರಿಕಂಡ ಬಾಳು ಕೊಟ್ಟು, ಮೊಬೈಲಿನ ಆ್ಯಪ್ ಒಂದರಲ್ಲಿ ಕಂತು ಕಂತಾಗಿ ಹಾಕುತ್ತಿದ್ದಳು. ಧಾರಾವಾಹಿಯ ನಾಯಕ ಧೀರಜ್ ದೊಡ್ಡ ಶ್ರೀಮಂತ. ತಟ್ಟೆ ಎಸೆಯುತ್ತಾನೆ, ನಾಯಕಿ ಇಂಚರಳನ್ನು ರಟ್ಟೆ ಹಿಡಿದು ಎಳೆಯುತ್ತಾನೆ; ಹಿಂದಿನಿಂದ ಕೊಳಲು ಕೇಳಿಸುವುದರಿಂದ ಅದು ಪ್ರೇಮವೆಂದು ನಮಗೆ ತಿಳಿಯುತ್ತದೆ. ಅವನ ಕಾರಿನ ಡ್ರೈವರ್ ಮಾದೇವ. ವಾರಕ್ಕೊಮ್ಮೆ ಬಂದು "ಊಟ ಆಯ್ತಾ ಮೇಡಂ?" ಎಂದು ಕೇಳಿ ಹೋಗುವುದಷ್ಟೇ ಅವನ ಪಾತ್ರ. ರೇಣುಕಕ್ಕ ಇಂಚರಳನ್ನು ಧೀರಜ್‌ನಿಂದ ಬಿಡಿಸಿ ಮಾದೇವನ ಜೊತೆ ಕೂಡಿಸಿದಳು.

ಮಾರನೆಯ ದಿನವೇ ಬಸ್ಸು ಎರಡು ಪಾಲಾಯಿತು. ಮುಂದಿನ ಸೀಟುಗಳ ಹೆಂಗಸರು ಮಾದೇವನ ಕಡೆ, ಹಿಂದಿನ ಗಂಡಸರು ಧೀರಜ್ ಕಡೆ. ಗಂಡಸರ ಮುಖಂಡ ಸಿದ್ರಾಮಪ್ಪ, ರೈಲ್ವೆಯಿಂದ ನಿವೃತ್ತರಾದವರು.

"ಕೋಟ್ಯಧಿಪತೀನ ಬಿಟ್ಟು ಡ್ರೈವರ್ ಹಿಂದೆ ಹೋಗಾಕೆ ಆ ಹುಡುಗಿಗೇನು ತಲೆ ಕೆಟ್ಟೈತಾ?" ಎಂದು ಅವರು ಹಿಂದಿನಿಂದ ಕೂಗಿದರು.

"ಊಟ ಆಯ್ತಾ ಅಂತ ನಿಮ್ಮನೇರ್ನ ಯಾವತ್ತು ಕೇಳಿದ್ರಿ ಯಜಮಾನ್ರೇ?" ಎಂದಳು ರೇಣುಕಕ್ಕ. ಸಿದ್ರಾಮಪ್ಪ ಕಿಟಕಿಯ ಹೊರಗೆ ನೋಡತೊಡಗಿದರು.

ಎಲ್ಲವೂ ಅಷ್ಟು ನೇರವಾಗಿ ಹಂಚಿಹೋಗಿರಲಿಲ್ಲ. ಹೊರಕೆರೆದೇವಪುರದ ಟೀಚರಮ್ಮ, "ಸಿಟ್ಟು ಇದ್ರೆ ಇರ್ಲಿ ಕಣ್ರಿ, ಕಾರು ಐತಲ್ಲ" ಎಂದು ಧೀರಜ್ ಪಕ್ಷಕ್ಕೆ ಹೋದರು. ನಮ್ಮ ಬಸ್ಸಿನ ಡ್ರೈವರ್ ತಿಪ್ಪೇಸ್ವಾಮಿ ಗಂಡಸಾದರೂ ಮಾದೇವನ ಕಡೆ. ಅವನು ತನ್ನ ಇಲಾಖೆಯವನೆಂಬ ಅಭಿಮಾನ. ನಾನು ಎಂದಿನಂತೆ ಮಧ್ಯದ ಸೀಟಿನಲ್ಲಿ ತಟಸ್ಥನಾಗಿದ್ದೆ. ಮನೆಯಲ್ಲಿ ಹೆಂಡತಿಯನ್ನು ಕೇಳಿದೆ. "ಮಾದೇವ" ಎಂದಳು. ಸ್ವಲ್ಪವಾದರೂ ಯೋಚಿಸಬಹುದಿತ್ತು.

ಮುಂದಿನ ಕತೆಯಲ್ಲಿ ರೇಣುಕಕ್ಕ ಇನ್ನೊಂದು ಹೆಜ್ಜೆ ಇಟ್ಟಳು. ಇಂಚರ ಓದಲು ಬೇರೆ ಊರಿಗೆ ಹೋದಳು. ಧೀರಜ್‌ಗೂ ಮಾದೇವನಿಗೂ ಪ್ರೀತಿ ಹುಟ್ಟಿತು. ಹಿಂದಿನ ಸೀಟುಗಳಲ್ಲಿ ಮೊಬೈಲುಗಳೆಲ್ಲ ಜೇಬು ಸೇರಿದವು. ಮುಂದಿನ ಸೀಟುಗಳಲ್ಲಿ ಒಂದೊಂದು ಮೊಬೈಲಿಗೆ ಮೂರು ಮೂರು ತಲೆ. ಆ್ಯಪಿನಲ್ಲಿ ಗಂಡಸರು "ಇಬ್ಬರ ಮಧ್ಯೆ ಒಬ್ಬ ಹುಡುಗಿ ತನ್ನಿ" ಎಂದು ಅಂಗಲಾಚಿದರೆ, ಹೆಂಗಸರು "ಅಂತೂ ಧೀರಜ್ ಅಳೋದು ಕಲಿತ" ಎಂದು ಹರಸಿದರು.

"ಇದೇನು ರೇಣುಕಕ್ಕ, ಇಬ್ಬರೂ ಗಂಡಸರು?" ಎಂದು ತಗ್ಗಿದ ದನಿಯಲ್ಲಿ ಕೇಳಿದೆ.

ಆಕೆ ಟಿಕೆಟ್ ಹರಿದು ಕೊಟ್ಟಳು. "ಒಬ್ಳು ಹೆಂಗಸಿದ್ಲು ಅನ್ಕಳ್ರಿ ಮೇಷ್ಟ್ರೇ, ಬೆಳಿಗ್ಗೆ ಎದ್ದು ಕಾಫಿ ಯಾರು ಕಾಸ್ಬೇಕು ಅನ್ನೋ ಮಾತೇ ಹುಟ್ಟಲ್ಲ. ಇಬ್ರೂ ಗಂಡಸ್ರಾದ್ರೆ ಕುಂತು ಮಾತಾಡ್ಲೇಬೇಕು. ಆ ಮಾತು ಕೇಳಾಕೆ ನಮ್ಗೆ ಆಸೆ."

ಎಷ್ಟೋ ವಿಚಾರ ಸಂಕಿರಣಗಳಲ್ಲಿ ಕೂತು ಎದ್ದವನು ನಾನು. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಸಿದ್ರಾಮಪ್ಪ ಡಿಪೋಗೆ ದೂರು ಕೊಟ್ಟರು. ಕಂಡಕ್ಟರ್ ಅಶ್ಲೀಲ ಕತೆ ಬರೆದು ಪ್ರಯಾಣಿಕರನ್ನು ಕೆಡಿಸುತ್ತಿದ್ದಾಳೆ ಎಂಬುದು ಆರೋಪ. ವಿಚಾರಣೆ ನಡೆಸಿದ ಅಧಿಕಾರಿ, ಆ ಬಸ್ಸಿನಲ್ಲೇ ಓಡಾಡುವ ಕನ್ನಡ ಮೇಷ್ಟ್ರೆಂಬ ಕಾರಣಕ್ಕೆ, ನನ್ನ ಅಭಿಪ್ರಾಯವನ್ನು ಬರಹದಲ್ಲಿ ಕೇಳಿದರು. ಒಂದು ಭಾನುವಾರ ಕೂತು ಮೂವತ್ತೊಂದು ಕಂತುಗಳನ್ನೂ ಓದಿದೆ. ಅಶ್ಲೀಲವನ್ನು ಶ್ರದ್ಧೆಯಿಂದಲೇ ಹುಡುಕಿದೆ. ಒಂದು ಮುತ್ತೂ ಸಿಗಲಿಲ್ಲ. ಮಾದೇವನಿಗೆ ಜ್ವರ ಬಂದಾಗ ಧೀರಜ್ ಹುಟ್ಟಿದ ಮೇಲೆ ಮೊದಲ ಸಲ ಒಲೆ ಹಚ್ಚಿ ಗಂಜಿ ಮಾಡುತ್ತಾನೆ. ಗಂಜಿ ತಳ ಹಿಡಿಯುತ್ತದೆ. ಮಾದೇವ ಮಾತಿಲ್ಲದೆ ಉಣ್ಣುತ್ತಾನೆ. ಇಡೀ ಕತೆಯಲ್ಲಿ ಎಲ್ಲಕ್ಕಿಂತ ಸಲಿಗೆಯ ಭಾಗ ಅದೇ. ಅಲ್ಲಿಗೆ ಬಂದಾಗ ನನ್ನ ಕಣ್ಣಿಗೆ ಏನೋ ಬಿದ್ದಿತ್ತು.

ಕಣ್ಣು ಒರೆಸಿಕೊಂಡು ನಾನು ಬರೆದದ್ದು ಇದು: "ಮೇಲ್ನೋಟಕ್ಕೆ ಅಶ್ಲೀಲವೆನ್ನಲಾಗದಿದ್ದರೂ, ಸಮಾಜದ ಮೇಲಾಗಬಹುದಾದ ಪರಿಣಾಮವನ್ನು ಗಮನಿಸಿ ಸೂಕ್ತ ಕ್ರಮ ಕೈಗೊಳ್ಳಬಹುದು." ಇಪ್ಪತ್ತು ವರ್ಷ ಕನ್ನಡ ಕಲಿಸಿದವನಿಗೆ ಮಾತ್ರ ಒಲಿಯುವ ವಾಕ್ಯ. ಬೆನ್ನೆಲುಬಿರಲಿಲ್ಲ, ವ್ಯಾಕರಣ ಶುದ್ಧವಾಗಿತ್ತು.

ಮುಂದಿನ ಸೀಟಿನ ಹೆಂಗಸರು ಕೆಲಸಕ್ಕೆ ರಜೆ ಹಾಕಿ ಡಿಪೋಗೆ ಹೋದರು. ಧೀರಜ್ ಪಕ್ಷದ ಟೀಚರಮ್ಮನೇ ಮುಂದೆ ನಿಂತು, "ಅವ್ರು ಬರ್ದಿದ್ದು ನಮ್ಗೆ ಇಷ್ಟ ಇಲ್ಲ, ಆದ್ರೆ ಬರೀಬ್ಯಾಡ ಅನ್ನಾಕೆ ನೀವ್ಯಾರು?" ಎಂದು ಕೇಳಿದರಂತೆ. ಅದರಿಂದ ರೇಣುಕಕ್ಕನ ನೌಕರಿ ಉಳಿಯಿತು. ನನ್ನ ಕಾಗದದಿಂದ ಹಿರಿಯೂರಿಗೆ ವರ್ಗವಾಯಿತು. ಕೊನೆಯ ದಿನವೂ ಆಕೆ ನಗುತ್ತಲೇ ಟಿಕೆಟ್ ಕೊಟ್ಟಳು. ಕಾಗದದ ಸಂಗತಿ ಆಕೆಗೆ ತಿಳಿದಿಲ್ಲವೆಂದು ನಾನು ನೆಮ್ಮದಿಪಟ್ಟೆ.

ಕಳೆದ ವರ್ಷ ಮದುವೆಯೊಂದಕ್ಕೆ ಹಿರಿಯೂರಿಗೆ ಹೊರಟಾಗ ಆಕೆಯ ಬಸ್ಸೇ ಸಿಕ್ಕಿತು. ಕೂದಲು ನರೆತಿತ್ತು.

"ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ. ಚೆನ್ನಾಗಿದೀರಾ?"

"ಈಗಲೂ ಬರೀತೀಯೇನು ರೇಣುಕಕ್ಕ?"

"ಬಿಡಾಕಾಗ್ತದಾ? ಹೊಸ ಕತೇಲಿ ಒಬ್ಬ ಕನ್ನಡ ಮೇಷ್ಟ್ರು ಅವ್ರೆ. ಭಾಳ ಒಳ್ಳೇರು. ಎಲ್ಲಾ ಕಡೆಯೋರಿಗೂ ಒಳ್ಳೇರು."

"ಅವರಿಗೆ ಜೋಡಿ ಯಾರು?" ಎಂದೆ.

"ಓದೋರ್ನೇ ಕೇಳ್ದೆ. ಗಂಡಸ್ರು ಯಾರಾದ್ರೂ ಆಗ್ತದೆ ಅಂದ್ರು. ಹೆಂಗಸ್ರು ಒಬ್ರೂ ಬಾಯಿ ಬಿಡ್ಲಿಲ್ಲ ನೋಡ್ರಿ." ಹೀಗೆಂದು ಮುಂದಿನ ಸೀಟಿನ ಕಡೆ ಹೋದಳು.

ಆಮೇಲೆ ಆಕೆ ನನಗೆ ಸಿಕ್ಕಿಲ್ಲ; ಕಳೆದ ತಿಂಗಳು ನಿವೃತ್ತಿಯಾದಳೆಂದು ತಿಪ್ಪೇಸ್ವಾಮಿ ಹೇಳಿದ. ಆ ಕತೆ ಮಾತ್ರ ನಡೆದಿದೆ, ಒಂದು ಕಂತೂ ಬಿಡದೆ ಓದುತ್ತಿದ್ದೇನೆ. ಮೊನ್ನೆ ಆ್ಯಪಿನಲ್ಲಿ ಹೆಂಗಸಿನ ಹೆಸರಿನ ಒಂದು ಖಾತೆ ತೆರೆದು, ಕಂತಿನ ಕೆಳಗೆ "ಪಾಪ, ಆ ಮೇಷ್ಟ್ರಿಗೂ ಯಾರಾದರೂ ಸಿಗಲಿ ಅಕ್ಕ" ಎಂದು ಬರೆದೆ.

ಉಳಿದವರಿಗೆಲ್ಲ ಉತ್ತರ ಕೊಟ್ಟಿದ್ದಾಳೆ.