ಮಹಾದೇವಿಯ ಹಸಿರು ಹಿಂಡಿ

ಕಿರ್ರ್ ಎಂದು ಮೇಲಿಂದ ಮೆಟ್ಟಿಲ ದಾರಿಯಲ್ಲಿ ಕಬ್ಬಿಣ ಎಳೆದ ಸದ್ದು ಇಳಿದು ಬಂತು. ಕೆಳಗಿನ ಅಡುಗೆಮನೆಯಲ್ಲಿ ಮಹಾದೇವಿಯ ಕೈಯಲ್ಲಿದ್ದ ಚಾಕು ನಿಂತಿತು. ತಾರಸಿಯ ಮೇಲೆ ಮುನಿಕೃಷ್ಣ ಕೆಂಡದ ಒಲೆಯನ್ನು ಗೋಡೆಯ ಮಗ್ಗುಲಿಗೆ ಎಳೆಯುತ್ತಿದ್ದಾನೆ. ಇನ್ನು ಇದ್ದಿಲು ಸುರಿಯುತ್ತಾನೆ, ರಟ್ಟು ಹಿಡಿದು ಬೀಸುತ್ತಾನೆ, ಕೆಂಡ ಕೆಂಪಾಗುವ ಹೊತ್ತಿಗೆ ಮೆಟ್ಟಿಲ ಬಾಯಲ್ಲಿ ನಿಂತು "ಸಾಸ್ ಎಲ್ಲಿ?" ಎಂದು ಕೂಗುತ್ತಾನೆ. ಅವಳ ಮುಂದೆ ಮಣೆಯ ಮೇಲೆ ಕೊತ್ತಂಬರಿ ಅರ್ಧಕ್ಕೇ ನಿಂತಿತ್ತು. ಪುದೀನ ಇನ್ನೂ ಕಡ್ಡಿಯಲ್ಲೇ ಇತ್ತು.

ಕಾಡುಗೋಡಿಯ ಆ ಮನೆ ಆಂಜಿನಪ್ಪನವರದು. ಹಿಂದೆ ರಾಗಿ ತೆನೆ ತೂಗುತ್ತಿದ್ದ ನೆಲದಲ್ಲಿ ಈಗ ನಾಲ್ಕು ಅಂತಸ್ತು ಎದ್ದು, ಕೆಳಗೆ ಅವರ ಮನೆಯವರು, ಮೇಲಿನ ಒಂದೊಂದರಲ್ಲೂ ಬಾಡಿಗೆಯವರು ಇದ್ದರು. ಮಗ ಮುನಿಕೃಷ್ಣ, ಸೊಸೆ ಶೋಭಾರಾಣಿ ಸೇರಿ ಶನಿವಾರದ ಸಂಜೆಗಳಲ್ಲಿ ತಾರಸಿಯ ಮೇಲೆ ಕೋಳಿ, ಕುರಿಮಾಂಸ ಸುಟ್ಟು ಬಡಿಸುವ ವ್ಯಾಪಾರ ಶುರುಮಾಡಿದ್ದರು. ಮನೆಯ ಹಿಂದೆ ಶೀಟು ಹೊದಿಸಿದ ಕೋಣೆಗಳ ಸಾಲು. ಅದರಲ್ಲೊಂದು ಮಹಾದೇವಿಯದು. ಸಿಂಧನೂರಿನ ಕಡೆಯಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ಭೀಮಪ್ಪ ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಅವಳು ಮೊದಲು ಮೆಟ್ಟಿಲು ಗುಡಿಸಿದಳು, ಆಮೇಲೆ ಬೆಳ್ಳುಳ್ಳಿ ಸುಲಿದಳು, ಈಗ ಸುಟ್ಟ ಮಾಂಸ ಅದ್ದಿ ತಿನ್ನುವ ಹಸಿರು ಸಾಸ್ ಅವಳ ಕೈಗೆ ಬಂದಿತ್ತು.

ಹೆದರಿಕೆ ಅವಳ ಜೊತೆಗೇ ಹುಟ್ಟಿದ್ದು. ಕೀಲಿ ಹಾಕಿ ಗೇಟಿನವರೆಗೆ ಹೋದವಳು ವಾಪಸು ಬಂದು ಕೀಲಿ ಜಗ್ಗಿ ನೋಡುವಳು. ಗ್ಯಾಸು ಆರಿಸಿದ್ದರೂ ಹಾಲು ಉಕ್ಕೀತೆಂದು ಎದ್ದು ಹೋಗುವಳು. "ನೀ ಸತ್ರೂ ಚಟ್ಟದಿಂದ ಎದ್ದು ಬಂದು ಕೀಲಿ ಜಗ್ಗತೀ ನೋಡು" ಎಂದು ಭೀಮಪ್ಪ ನಗುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ. ಜಗ್ಗಿ ನೋಡದೆ ಬಿಟ್ಟ ದಿನವೇ ಕೀಲಿ ತೆರೆದಿರುತ್ತದೆ ಎಂಬುದು ಅವಳ ಎದೆಯೊಳಗಿನ ಲೆಕ್ಕ.

ಸಾಸಿನ ಕ್ರಮವನ್ನು ಶೋಭಾರಾಣಿ ಫೋನಿನಲ್ಲಿ ನೋಡಿ ಕಲಿತು ಇವಳಿಗೆ ಒಪ್ಪಿಸಿದ್ದಳು. ಸೊಪ್ಪು ತೊಳೆದು ಬಟ್ಟೆಯ ಮೇಲೆ ಹರವಿ, ನೀರಿನ ಒಂದು ಹನಿಯೂ ಉಳಿಯದಂತೆ ಒರೆಸಬೇಕು. ಮಿಕ್ಸಿಗೆ ಹಾಕಕೂಡದು, ಕಹಿಯಾಗುತ್ತದೆ; ಚಾಕುವಿನಲ್ಲೇ ಸಣ್ಣಗೆ ಕೊಚ್ಚಬೇಕು. ಬೆಳ್ಳುಳ್ಳಿಯನ್ನು ಕಲ್ಲುಪ್ಪಿನ ಜೊತೆ ಜಜ್ಜಿ, ನಿಂಬೆರಸ ಹಿಂಡಿ, ಒಣಮೆಣಸಿನಕಾಯಿ ತರಿಯಾಗಿ ಪುಡಿ ಮಾಡಿ ಹಾಕಿ, ಕೊನೆಗೆ ಎಣ್ಣೆ. ಕಲಸಿ ಸ್ವಲ್ಪ ಹೊತ್ತು ಸುಮ್ಮನೆ ಬಿಡಬೇಕು. ಆಗ ಸೊಪ್ಪಿನ ವಾಸನೆ ಎಣ್ಣೆಗೆ ಇಳಿಯುತ್ತದೆ.

"ಅಕ್ಕಾರ, ಇದು ನಮ್ಮ ಕಡಿ ರೊಟ್ಟಿಗೆ ಹಚ್ಕೊಂಡು ತಿನ್ನೋ ಹಸಿ ಹಿಂಡಿ ಇದ್ದಂಗ ಐತ್ರೀ" ಎಂದಿದ್ದಳು ಮಹಾದೇವಿ ಮೊದಲ ದಿನ.

"ಹಿಂಡೀನಾ? ಅಯ್ಯೋ, ಹಿಂಡಿ ನಾವು ಎಮ್ಮೆಗೆ ಹಾಕೋದು ಕಣೇ! ಮೇಲೆ ಬಂದೋರ ಮುಂದೆ ಅನ್ಬಿಟ್ಟೀಯ, ಒಬ್ರೂ ತಿನ್ನಲ್ಲ" ಎಂದು ಶೋಭಾರಾಣಿ ಬಿದ್ದು ಬಿದ್ದು ನಕ್ಕಿದ್ದಳು.

ಆದರೆ ಕಳೆದ ಶನಿವಾರ ನಗು ಇರಲಿಲ್ಲ. ಎಣ್ಣೆ ಒಂದು ಕಡೆ, ಸೊಪ್ಪು ಒಂದು ಕಡೆ ಆಗಿ ಬಟ್ಟಲುಗಳು ಹಾಗೇ ಕೆಳಗೆ ಬಂದಿದ್ದವು. "ಇನ್ನೊಂದ್ ಸಲ ಇಂಗಾದ್ರೆ ನಾನು ಬೇರೆಯೋರನ್ನ ನೋಡ್ಕೋತೀನಿ ಮಹಾದೇವಿ. ಬೇಜಾರ್ ಮಾಡ್ಕೋಬೇಡ." ಶೋಭಾರಾಣಿಯ ಆ ಮಾತನ್ನು ಮಹಾದೇವಿ ವಾರವಿಡೀ ಮರೆತಿರಲಿಲ್ಲ.

ಈಗ ಪುದೀನ ಬಿಡಿಸಿ ಕೊಚ್ಚಿ, ಎಲ್ಲ ಕಲಸಿ ನೋಡಿದಾಗ ಎಣ್ಣೆ ಮತ್ತೆ ಅಂಚಿಗೆ ಬಂದು ಕಣ್ಣು ಬಿಟ್ಟಿತು. ಮೇಲಿಂದ ಇದ್ದಿಲಿನ ಹೊಗೆಯ ವಾಸನೆ ಇಳಿಯುತ್ತಿತ್ತು. ಅವಳು ಸೆರಗು ಸಿಕ್ಕಿಸಿಕೊಂಡು ಹಿಂದಿನ ಕೋಣೆಗೆ ಓಡಿದಳು. ಅತ್ತೆ ಬಸಕ್ಕ ಊರಿಂದ ಹುರಿದು ಕುಟ್ಟಿ, ಬಟ್ಟೆಯ ಗಂಟಿನಲ್ಲಿ ಕಟ್ಟಿ ಕಳಿಸಿದ್ದ ಶೇಂಗಾ ಪುಡಿ ಅಲ್ಲಿತ್ತು. ಎರಡು ಹಿಡಿ ತಂದು ಸುರಿದಳು. ಹಸಿರು ಗಟ್ಟಿಯಾಯಿತು, ಎಣ್ಣೆ ಒಳಗೆ ಸೇರಿಕೊಂಡಿತು. ನಾಲಿಗೆಗೆ ಇಟ್ಟಳು. ಊರು ನೆನಪಾಯಿತು.

ಶೋಭಾರಾಣಿ ಬಂದವಳೇ ಬೆರಳದ್ದಿ ನೆಕ್ಕಿದಳು. "ಏನ್ ಹಾಕ್ದೇ? ಸಕ್ಕತ್ತಾಗೈತಲ್ಲೇ!"

"ಇದ್ದಿದ್ನ ಸ್ವಲ್ಪ ಹದ ಮಾಡೀನ್ರೀ" ಎಂದಳು ಮಹಾದೇವಿ, ನೆಲ ನೋಡುತ್ತ. ಹೇಳಿಬಿಡಬೇಕಿತ್ತು ಎಂದು ಅನಿಸುವಷ್ಟರಲ್ಲಿ ಶೋಭಾರಾಣಿ ಒಂದು ಪಾತ್ರೆಗೆ ಸಾಸ್ ತುಂಬಿಕೊಂಡು ಮೇಲೆ ಹೋಗಿಯಾಗಿತ್ತು.

ಹಿಂದೆಯೇ ಎರಡನೇ ಮಹಡಿಯ ದಿವ್ಯಾ ಬಂದಳು. ಅವಳೂ ಗಂಡ ಸಿದ್ದಾರ್ಥನೂ ಇವತ್ತಿನ ಊಟಕ್ಕೆ ಆಫೀಸಿನ ಗೆಳೆಯರನ್ನು ಕರೆದಿದ್ದರು. ಉಳಿದ ಬಟ್ಟಲು ಎತ್ತಿಕೊಳ್ಳುತ್ತ, "ಅಕ್ಕ, ಇದ್ರಲ್ಲಿ ಕಡ್ಲೆಕಾಯಿ ಏನೂ ಹಾಕಿಲ್ಲ ಅಲ್ವಾ? ನಮ್ಮವರಿಗೆ ಅದು ಆಗಲ್ಲ. ಒಂದ್ ಚೂರು ಬಾಯಿಗೆ ಹೋದ್ರೂ ಗಂಟಲು ಕಟ್ಕೊಂಡು ಉಸಿರೇ ನಿಲ್ಲತ್ತೆ. ಒಂದ್ ಸಲ ಆಸ್ಪತ್ರೆಲಿಟ್ಟು ವಾಪಸ್ ತಂದಿದೀವಿ" ಎಂದಳು.

ಕಡ್ಲಿ. ಮಹಾದೇವಿ ಮನಸ್ಸಿನಲ್ಲೇ ಬಟ್ಟಲನ್ನೆಲ್ಲ ತಡಕಿ ನೋಡಿದಳು. ಕಡ್ಲಿಬ್ಯಾಳಿ ಇಲ್ಲ, ಕಡ್ಲಿಹಿಟ್ಟು ಇಲ್ಲ, ಹುರಿಗಡ್ಲಿ ಪುಟಾಣಿ ಕೂಡ ಇಲ್ಲ. "ಕಡ್ಲಿ ಇಲ್ರೀ. ಆಣಿ ಮಾಡಿ ಹೇಳ್ತೀನಿ, ಒಂದ್ ಕಾಳೂ ಇಲ್ಲ."

"ಥ್ಯಾಂಕ್ಸ್ ಅಕ್ಕ" ಎಂದು ದಿವ್ಯಾ ನಿರಾಳವಾಗಿ ಮೆಟ್ಟಿಲು ಹತ್ತಿದಳು.

ಆದರೂ ಮಹಾದೇವಿಗೆ ಸಮಾಧಾನವಿಲ್ಲ. ಚಾಕು ತೊಳೆದಳು, ಮಣೆ ತೊಳೆದಳು, ಎಣ್ಣೆಯ ಡಬ್ಬಿ ತಿರುಗಿಸಿ ನೋಡಿದಳು. ಅದರ ಮೇಲೆ ಸೂರ್ಯಕಾಂತಿ ಹೂವು. ಸರಿ ಐತಿ, ಸರಿ ಐತಿ ಎಂದು ತನಗೇ ಹೇಳಿಕೊಂಡು ಬಾಗಿಲಿಗೆ ಬಂದಳು.

ಅಲ್ಲಿ ಹೊಸಿಲ ಮೇಲೆ ಆಂಜಿನಪ್ಪನವರ ಹೆಂಡತಿ ಚಿಕ್ಕಮುನಿಯಮ್ಮ ಕಾಲು ಚಾಚಿ ಕೂತಿದ್ದರು. ಮಡಿಲ ತುಂಬ ಬೇಯಿಸಿದ ಕಾಯಿ, ಪಕ್ಕದಲ್ಲಿ ಸಿಪ್ಪೆಯ ರಾಶಿ.

"ಬಾರೇ ಮಾದೇವಿ. ಯಾಕಿಂಗೆ ಬೆವರ್ಕೊಂಡಿದ್ದೀ? ಕೂತ್ಕೋ, ಕಡ್ಲೆಕಾಯ್ ತಿನ್ನು. ಬಿಸಿ ಐತೆ."

"ಏನಂದ್ರೀ ಅಮ್ಮಾರ?"

"ಕಿವೀನೂ ಓಯ್ತೇನೇ ನಿಂಗೆ? ಕಡ್ಲೆಕಾಯ್!" ಮುದುಕಿ ಒಂದನ್ನು ಹಿಸುಕಿ ಬಿಡಿಸಿ ಅಂಗೈ ಚಾಚಿದರು.

ಅಂಗೈಯಲ್ಲಿ ಇದ್ದದ್ದು ಶೇಂಗಾ.

ಮಹಾದೇವಿ ಮುದುಕಿಯ ಅಂಗೈಯತ್ತ ಬಾಗಿದಳು. "ಇದಕ್ಕ... ಇದಕ್ಕ ಕಡ್ಲಿಕಾಯಿ ಅಂತೀರೇನ್ರೀ?" ಎಂದವಳು ಉತ್ತರಕ್ಕೆ ಕಾಯಲಿಲ್ಲ. ಮೆಟ್ಟಿಲುಗಳನ್ನು ಹೇಗೆ ಹತ್ತಿದಳೋ ಅವಳಿಗೇ ತಿಳಿಯದು. ಒಂದೊಂದು ತಿರುವಿನಲ್ಲೂ ಸುಟ್ಟ ಮಾಂಸದ ವಾಸನೆ ಇನ್ನಷ್ಟು ದಟ್ಟವಾಗಿ ಎದುರಾಗುತ್ತಿತ್ತು. ಮೇಲಿಂದ ಕೇಳುತ್ತಿದ್ದದ್ದು ನಗುವೋ ಕೂಗೋ ಎಂದು ಕಿವಿಗೊಟ್ಟಳು. ನಗುವೇ. ಹಾಗಾದರೆ ಇನ್ನೂ ಏನೂ ಆಗಿಲ್ಲ. ಅಥವಾ ಈಗ, ಈ ಮೆಟ್ಟಿಲು ಹತ್ತುವುದರೊಳಗೆ...

ತಾರಸಿಯಲ್ಲಿ ಸಿದ್ದಾರ್ಥ ಕೋಳಿಯ ತುಂಡನ್ನು ಹಸಿರಿನಲ್ಲಿ ಅದ್ದಿ, ಯಾರದೋ ಮಾತು ಕೇಳುತ್ತ ಕೈಯಲ್ಲಿ ಹಿಡಿದಿದ್ದ. ಮಹಾದೇವಿ ಒಂದೇ ಏಟಿಗೆ ಅವನ ಕೈ ತಟ್ಟಿದಳು. ತುಂಡು ನೆಲಕ್ಕೆ ಬಿತ್ತು. ಬಿಳಿ ಅಂಗಿಯ ತುಂಬ ಹಸಿರು ಚಿಮ್ಮಿತು.

"ತಿನ್ಬ್ಯಾಡ್ರೀ! ತಿಂದ್ರೇನು? ಬಾಯಿಗೆ ಹೋತೇನು?"

"ಇಲ್ಲ ಅಕ್ಕ, ಈಗಿನ್ನೂ..." ಅವನು ಬೆರಗಾಗಿ ನೋಡಿದ.

"ಶೇಂಗಾ ಹಾಕೀನ್ರೀ ಅದ್ರಾಗ. ನೀವು ಅನ್ನೋ ಕಡ್ಲಿಕಾಯಿ ಅಂದ್ರ ಶೇಂಗಾ ಅಂತ ಗೊತ್ತಿರಲಿಲ್ರೀ."

ದಿವ್ಯಾ ಎದ್ದು ಬಂದಳು. ಗಂಡನ ಬೆರಳುಗಳನ್ನು ಕರವಸ್ತ್ರದಲ್ಲಿ ಉಜ್ಜತೊಡಗಿದಳು. "ನಿಮಗೆ ಅರ್ಥ ಆಗ್ಲಿ ಅಂತಾನೇ ಪೀನಟ್ ಅನ್ನದೆ ಕಡ್ಲೆಕಾಯಿ ಅಂದೆನಲ್ಲ ಅಕ್ಕ!"

ಶೋಭಾರಾಣಿ ಧಾವಿಸಿ ಬಂದು ಮಹಾದೇವಿಯ ತೋಳು ಹಿಡಿದು ಮೂಲೆಗೆ ಎಳೆದಳು. ದನಿ ತಗ್ಗಿತ್ತು, ಬಿಸಿ ತಗ್ಗಿರಲಿಲ್ಲ. "ಏನ್ ಹಾಕ್ದೇ ಅಂತ ಕೇಳ್ದಾಗ ಬಾಯಿಗೆ ಏನಾಗಿತ್ತು? ಎಲ್ರ ಮುಂದೆ ಮಾನ ತೆಗ್ದ್ಯಲ್ಲ!"

"ತಪ್ಪಾತ್ರೀ. ಹೇಳ್ಬೇಕಾಗಿತ್ತು. ನೀವು ಬ್ಯಾರೇದೋರ್ನ ನೋಡ್ತೀನಿ ಅಂದಿದ್ರಿ, ಹೆದರಿಕಿ ಆತು."

"ಈಗ ಹೆದರಿಕೆ ಇಲ್ವಾ ಹಂಗಾದ್ರೆ?"

ಇತ್ತು. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ, ಭೀಮಪ್ಪನಿಗೆ ಏನೆಂದು ಹೇಳುವುದು ಎಂದೆಲ್ಲ ತಲೆಯೊಳಗೆ ಸುತ್ತುತ್ತಿತ್ತು. ಆದರೆ ಅವಳ ಕಣ್ಣು ಶೋಭಾರಾಣಿಯ ಹೆಗಲಾಚೆ ಒಲೆಯ ಮೇಲೆ ನೆಟ್ಟಿತ್ತು. ಅಲ್ಲಿ ಮುನಿಕೃಷ್ಣ ಸಿದ್ದಾರ್ಥನನ್ನು ಸಮಾಧಾನ ಮಾಡುತ್ತಿದ್ದ. "ಸಾಸ್ ಬಿಡಿ ಸಾರ್, ಹಂಗೇ ಒಂದ್ ಬಿಸಿ ಪೀಸ್ ಕೊಡ್ತೀನಿ, ತಟ್ಟೆ ಹಿಡೀರಿ." ಅವನ ಎಡಗೈಯಲ್ಲಿ ಎಣ್ಣೆ ಸವರುವ ಬ್ರಷ್ಷು. ಅದರ ತುದಿ ಹಸಿರಾಗಿತ್ತು, ಪಕ್ಕದಲ್ಲೇ ಶೋಭಾರಾಣಿ ಒಯ್ದಿದ್ದ ಸಾಸಿನ ಪಾತ್ರೆ. ಕಂಬಿಗಳ ಮೇಲಿದ್ದ ಒಂದೊಂದು ತುಂಡೂ ಹಸಿರಾಗಿ ಹೊಳೆಯುತ್ತಿತ್ತು.

"ನಾನ್ ಮಾತಾಡ್ತಿದ್ರೆ ಎಲ್ ನೋಡ್ತೀಯೇ? ನಾಳೆ ಬೆಳಿಗ್ಗೆ ನಿನ್ ಗಂಡನ್ನ ಕರ್ಕೊಂಡ್ ಬಾ. ಕೆಲ್ಸದ್ದೂ ರೂಮಿಂದೂ ಎರಡೂ ಒಟ್ಟಿಗೇ..."

ಮಹಾದೇವಿ ತೋಳು ಬಿಡಿಸಿಕೊಂಡು, ಮಾತು ಮುಗಿಯುವ ಮೊದಲೇ, ಒಲೆಯ ಕಡೆಗೆ ನಡೆದಳು.