ಮೂರು ದಿನ ಒಣಗಬೇಕಿದ್ದ ಗಾಜಿನ ತೊಟ್ಟಿ

ಪಕ್ಕದ ಮನೆಯವರು ಹೊಸ ಸಿಂಕು ಕೂರಿಸುತ್ತಿದ್ದಾರೆ. ಅದರ ಅಂಚಿಗೆ ಬಳಿಯುವ ಸಿಲಿಕಾನ್ ಅಂಟಿನ ಹುಳಿ ವಾಸನೆ ಗೋಡೆ ದಾಟಿ ನನ್ನ ಪಡಸಾಲೆಗೂ ಬಂದಿದೆ. ಈ ವಾಸನೆ ಬಂದರೆ ಸಾಕು, ಭಾಲ್ಕಿಯ ನನ್ನ ಷಡ್ಡಕ, ಎಂದರೆ ಹೆಂಡತಿಯ ತಂಗಿಯ ಗಂಡ, ನೆನಪಾಗುತ್ತಾನೆ. ನೆನಪಾದರೆ ಸಾಕು, ಬೈಯಬೇಕೆನಿಸುತ್ತದೆ. ಇಷ್ಟು ವರ್ಷ ಬೈದುಕೊಂಡೇ ಬಂದಿದ್ದೇನೆ. ನೀವೂ ಸ್ವಲ್ಪ ಕೇಳಿ.

ಅವನದು ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿ. ಗಾಜು ಕೊಯ್ಯುವ ಕಡ್ಡಿಯೊಂದು ಕಿಸೆಯಲ್ಲಿದ್ದ ಮಾತ್ರಕ್ಕೆ ತಾನು ದೊಡ್ಡ ಇಂಜಿನಿಯರ್ ಎಂದು ತಿಳಿದಿದ್ದ. ನಮ್ಮ ಮದುವೆಯ ಫೋಟೊ ನೋಡಿ, "ಕಟ್ಟು ಭಾಳ ಛಲೋ ಅದರಿ" ಎಂದಿದ್ದ. ಒಳಗಿದ್ದ ನಮ್ಮಿಬ್ಬರ ಬಗ್ಗೆ ಒಂದು ಮಾತಿಲ್ಲ.

ಹೆಂಡತಿಯ ತವರೂರು ಔರಾದ. ಆ ಕಡೆಯ ಬಾವಿಗಳೆಲ್ಲ ತಳ ಕಂಡ ವರ್ಷ. ಊರಿಗೆ ಊರೇ ಕೆಲಸ ಹುಡುಕಿಕೊಂಡು ಹೊರಟಿತ್ತು. ನಮ್ಮ ಅತ್ತೆಯೂ ಮನೆಗೆ ಬೀಗ ಹಾಕಿ ಮಗನ ಜೊತೆ ಹೈದರಾಬಾದಿಗೆ ಹೊರಟರು. ಹೋಗುವ ಮೊದಲು ತೊಡೆಯ ಮೇಲೊಂದು ಬಕೀಟು ಇಟ್ಟುಕೊಂಡು ಬಸ್ಸಿನಲ್ಲಿ ಬೀದರಿನ ನಮ್ಮ ಮನೆಗೆ ಬಂದರು. ಬಕೀಟಿನಲ್ಲಿ ಹನ್ನೊಂದು ಮೀನು. ಲಿಂಗ ಕಟ್ಟಿದ ಹೆಣ್ಣುಮಗಳು, ತಿನ್ನುವ ಮಾತೇ ಇಲ್ಲ. ಹುಳ ತಿಂದು ನೀರು ಚೊಕ್ಕ ಇಡಲಿ ಎಂದು ಕುಡಿಯುವ ನೀರಿನ ಬಾವಿಗೆ ಬಿಟ್ಟ ಮೀನುಗಳವು.

"ಮಳಿ ಆಗೋತನಾ ಇಟ್ಟಕೊರಿ ಅಳಿಯಂದ್ರ. ಬಾವಿಗಿ ನೀರ್ ಬಂದ ಕೂಡ್ಲೇ ಬಂದು ಒಯ್ತೇನಿ," ಎಂದರು. "ಇವು ಇದ್ರ, ನಾ ತಿರುಗಿ ಮನಿಗಿ ಹೋಗ್ತೇನಿ ಅಂತ ಧೈರ್ಯ ನೋಡ್ರಿ."

ಹೆಂಡತಿ ದೊಡ್ಡದೊಂದು ಮಣ್ಣಿನ ಹರವಿ ತೊಳೆದು ಮೀನುಗಳನ್ನು ಬಿಟ್ಟಳು. ನನಗೆ ಹರವಿ ರುಚಿಸಲಿಲ್ಲ. ಮೀನು ಸಾಕಿದ ಮೇಲೆ ನಾಲ್ಕು ಜನಕ್ಕೆ ಕಾಣಬೇಡವೇ? ಗಾಜಿನ ತೊಟ್ಟಿ ಮಾಡಿಕೊಡು ಎಂದು ಷಡ್ಡಕನಿಗೆ ಹೇಳಿ ಕಳಿಸಿದೆ.

ಬಂದ ನಮ್ಮ ಇಂಜಿನಿಯರ್. ಮಿಠಾಯಿ ಅಂಗಡಿಯ ಹಳೆ ಕಪಾಟಿನ ದಪ್ಪ ಗಾಜನ್ನು ಐದು ತುಂಡು ಮಾಡಿ, ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಅದನ್ನು ಸೀಟಿನ ಮೇಲೆ ಕೂರಿಸಿ ತಾನು ನಿಂತು ಬಂದನಂತೆ! ನೆಲದ ಫರಸಿಕಲ್ಲು ಒರಟೆಂದು ಅಡಿಗೆ ಥರ್ಮಾಕೋಲ್ ಹಾಸಿದ. ತಳದ ಗಾಜಿಟ್ಟು, ನಾಲ್ಕು ಗೋಡೆ ನಿಲ್ಲಿಸಿ, ಕಾಗದದ ಪಟ್ಟಿಯಿಂದ ಬಿಗಿದು, ಒಳಮೂಲೆಗಳಿಗೆಲ್ಲ ಅಂಟು ಎಳೆದ. ಸೋಪಿನ ನೀರಲ್ಲಿ ಬೆರಳದ್ದಿ ಸವರುವಾಗಿನ ಅವನ ಗತ್ತು ನೋಡಬೇಕಿತ್ತು. ಕೂಸಿಗೆ ಎಣ್ಣೆ ಹಚ್ಚುವ ಮುದುಕಿಯರೂ ಅಷ್ಟು ಬಿಂಕ ಮಾಡುವುದಿಲ್ಲ.

ಮಧ್ಯಾಹ್ನ ಹೊರಡುವಾಗ, "ಮೂರ್ ದಿನಾ ನೀರ್ ಹಾಕಬ್ಯಾಡ್ರಿ ಅಣ್ಣಾರ. ಮ್ಯಾಲ ಒಣಗಿದಂಗ ಕಾಣ್ತದ, ಒಳಗ ಹಸಿ ಇರ್ತದ," ಎಂದ.

"ಆಯ್ತಪ್ಪ ಮೇಸ್ತ್ರಿ," ಎಂದೆ.

ಅಂದು ಸಂಜೆಯೇ ನಮ್ಮ ಆಫೀಸಿನ ಸಾಹೇಬರು ಚಹಾಕ್ಕೆ ಬರುವವರಿದ್ದರು. ಅಂಟಿಗೆ ಬೆರಳು ತಾಗಿಸಿ ನೋಡಿದೆ, ಅಂಟಲಿಲ್ಲ. ಹೆಂಡತಿ ಟ್ಯಾಂಕರಿನ ಮುಂದೆ ಸರದಿ ನಿಂತು ತಂದ ನಾಲ್ಕು ಕೊಡ ನೀರನ್ನು, ಅವಳು ಬೇಡ ಬೇಡ ಎನ್ನುತ್ತಿದ್ದಂತೆಯೇ, ತೊಟ್ಟಿಗೆ ಸುರಿದು ಹನ್ನೊಂದೂ ಮೀನು ಬಿಟ್ಟೆ. ಸಾಹೇಬರು ಬಿಸ್ಕೀಟು ಅದ್ದಿಕೊಳ್ಳುತ್ತ, "ಏನ್ರಿ, ಮೀನ ತಿನ್ನಲಿಕ್ಕ ಸುರು ಮಾಡಿರೇನು?" ಎಂದು ನಕ್ಕರು. ನಾನೂ ಹಲ್ಲು ಕಿರಿದೆ.

ಅವರು ಗೇಟು ದಾಟಿದ್ದರೋ ಇಲ್ಲವೋ, ತೊಟ್ಟಿಯ ಒಂದು ಗೋಡೆ ಕಳಚಿ ಬಿತ್ತು. ನೀರು ಹೊಸ್ತಿಲು ದಾಟಿ ಓಣಿಗೆ ಹರಿಯಿತು. ಓಣಿಯ ಹೆಂಗಸರು ಓಡಿ ಬಂದರು, ಮೀನಿಗಾಗಿ ಅಲ್ಲ. ಹಳೆ ಸೀರೆಗಳನ್ನು ಫರಸಿಯ ಮೇಲೆ ಹಾಸಿ ನೀರು ಹೀರಿಸಿ ತಂತಮ್ಮ ಬಕೀಟಿಗೆ ಹಿಂಡಿಕೊಂಡರು. "ಇಂಥಾ ದಿನದಾಗ ನೀರಿನ ಕೂಡ ಷೋಕಿ ಏನ್ರಿ?" ಎಂದಳು ಒಬ್ಬಾಕೆ. ಹೆಂಡತಿ ಮಂಚದ ಕೆಳಗೆ ಕೈಯಾಡಿಸಿ ಮೀನು ಹೆಕ್ಕಿ ಹರವಿಗೆ ಹಾಕಿದಳು. ನಾಲ್ಕು ಉಳಿದವು.

ಮಳೆಯಾಯಿತು. ಅತ್ತೆ ಬಂದು ಹರವಿಯೊಳಗೆ ಬಗ್ಗಿ ನೋಡಿದರು. "ಉಳದ ಏಳು ಎಲ್ಲಿ?" ಎಂದರು.

"ನಿಮ್ಮ ಸಣ್ಣ ಅಳಿಯನ ಕೆಲಸ ನೋಡ್ರಿ ಅತ್ತಿ. ಅಂಟೇ ಸರಿ ಹಾಕಿದ್ದಿಲ್ಲ," ಎಂದೆ. ಹೆಂಡತಿ ನನ್ನ ಮುಖ ನೋಡಿ ಒಳಗೆ ಹೋದಳು. ಅತ್ತೆ ನಾಲ್ಕನ್ನೇ ಬಕೀಟಿಗೆ ಹಾಕಿಕೊಂಡು ಔರಾದಿಗೆ ಒಯ್ದರು.

ಆಮೇಲೆ ಎಷ್ಟು ಮದುವೆಗಳಲ್ಲಿ, ಎಷ್ಟು ಪಂಕ್ತಿಗಳಲ್ಲಿ ಈ ಇಂಜಿನಿಯರನ ಕಥೆ ಹೇಳಿ ಜನರನ್ನು ನಗಿಸಿದೆನೋ! ಅವನು ಎದುರಿಗೇ ಕೂತು ಊಟ ಮಾಡುತ್ತಿದ್ದ. ಮೂರು ದಿನದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಗೋಡೆಯಾಚೆ ಮೇಸ್ತ್ರಿ, "ನಾಳಿತನಾ ನಳ ಬಿಡಬ್ಯಾಡ್ರಿ ಅಕ್ಕಾರ," ಎನ್ನುತ್ತಿದ್ದಾನೆ. ಕಿಟಕಿಯಿಂದ ಇಣುಕಿದೆ. ಆ ಮನೆಯಾಕೆ ನಳಕ್ಕೊಂದು ಬಟ್ಟೆ ಕಟ್ಟಿ ಸುಮ್ಮನಾದಳು. ಇಷ್ಟೇ ಕೆಲಸ. ಎಂಟನೆಯ ಇಯತ್ತೆಯೂ ಓದದ ಆಕೆಗೆ ಆದದ್ದು ಪದವಿ ಪಡೆದ ನನಗೆ ಆಗಲಿಲ್ಲ. ಥೂ ನನ್ನ ಜನ್ಮಕ್ಕೆ!

ಎದ್ದು ಭಾಲ್ಕಿಗೆ ಫೋನು ಮಾಡಿದೆ. ಅಂದೇ ನೀರು ತುಂಬಿದವನು ನಾನು, ಅತ್ತೆಗೆ ಸುಳ್ಳು ಹೇಳಿದೆ, ತಪ್ಪಾಯಿತು ಎಂದೆ. ಅತ್ತೆ ತೀರಿ ಎಷ್ಟೋ ವರ್ಷವಾದ ಮೇಲೆ!



"ಅತ್ತಿ ಮನಿ ಕಿಟಕಿ ಗಾಜು ಒಡದಿತ್ತರಿ ಅಣ್ಣಾರ," ಎಂದ ಅವನು. "ಸಾಯೋತನಾ ರಟ್ಟು ಹಚ್ಚಿಕೊಂಡೇ ಇದ್ರು. ಗಾಜ ಕೂಡಿಸಲಿಕ್ಕ ನನಗ ಕರೀಲಿಲ್ಲ."