ಗೆಂಡೆ ಮೀನಿನ ಕಣಗಳೂ ಬೀರಪ್ಪನವರ ಹೆಸರೂ

ಮೊಟ್ಟೆಕೋಶದೊಳಗೆ ಪೊರೆಯ ಹಂಗಿಲ್ಲದೆ ಒಟ್ಟುಗೂಡಿ, ಮುಂದಿನ ಪೀಳಿಗೆಗೆ ಬೇಕಾದ ಜೀನುಗಳ ಸಂದೇಶವನ್ನು ಕಾಯ್ದಿಡುವ ಸೂಕ್ಷ್ಮ ಕಣಗಳನ್ನು ಈ ಜಿಲ್ಲೆಯಲ್ಲಿ ಬಲ್ಲವರಾರೆಂದು ಕೇಳಿದರೆ ದೊಡ್ಡ ಪದವಿಯವರ ಹೆಸರುಗಳೇ ಬರುತ್ತವೆ. ಶಿವಮೊಗ್ಗದ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತೆರಡು ವರ್ಷ ಅಟೆಂಡರ್ ಆಗಿ ದುಡಿದು ನಿವೃತ್ತರಾಗುತ್ತಿರುವ ಶ್ರೀ ಬೀರಪ್ಪನವರ ಹೆಸರು ಬರುವುದಿಲ್ಲ. ಕಾಲೇಜಿನ ಈ ನೆನಪಿನ ಸಂಪುಟದಲ್ಲಿ ಅವರಿಗೊಂದು ಪುಟ ಕೊಡಲೂ ಸಂಪಾದಕ ಸಮಿತಿಯವರು ಮೀನಮೇಷ ಎಣಿಸಿದರು.

ಭದ್ರಾವತಿಯ ಓಲ್ಡ್ ಟೌನಿನಿಂದ ಮೊದಲ ಬಸ್ಸಿಗೆ ಬರುತ್ತಿದ್ದ ಅವರು, ಬುತ್ತಿ ತಾರದ ವಿದ್ಯಾರ್ಥಿಗಳಿಗೆ ತಮ್ಮ ರೊಟ್ಟಿಯಲ್ಲಿ ಪಾಲು ಕೊಟ್ಟವರು. ಮೊದಲ ಸಲ ಮೀನು ಕೊಯ್ಯುವಾಗ ಸುಪ್ರಿಯಾಳ, ಎಂದರೆ ಈ ಲೇಖನ ಬರೆಯುತ್ತಿರುವವಳ, ಕೈ ನಡುಗಿದಾಗ ತಟ್ಟೆ ಹಿಡಿದು ನಿಂತವರೂ ಅವರೇ.

ಆರು ವರ್ಷದ ಹಿಂದೆ ಸುಪ್ರಿಯಾ ಗೆಂಡೆ ಮೀನಿನ ಎಳೆಯ ಮೊಟ್ಟೆಗಳಲ್ಲಿ ಆ ಕಣಗಳನ್ನು ಹುಡುಕುತ್ತಿದ್ದಳು. ಆ ಕಣಗಳಲ್ಲಿ ಸಂದೇಶ ಇರಬೇಕಾದ ಜೀನು ಸಿಕ್ಕಿತ್ತು, ಕಣ ಮಾತ್ರ ಎರಡು ವರ್ಷವಾದರೂ ಕಾಣಲಿಲ್ಲ. ಈ ಮೀನಿನಲ್ಲಿ ಕಣಗಳೇ ಇಲ್ಲವೆಂದು ಅವಳ ಮಾರ್ಗದರ್ಶಕರು ತೀರ್ಪು ಕೊಟ್ಟರು. ಆಗ ಬೀರಪ್ಪನವರು ಬಾಯಿಬಿಟ್ಟರು.

"ಸುಪ್ರಿಯಮ್ಮ, ಮೀನು ಬಸ್ಸಲ್ಲಿ ಇಲ್ಲಿಗೆ ಬರೋಷ್ಟರಲ್ಲಿ ಅರ್ಧ ಜೀವ ಆಗಿರ್ತವೆ. ಆ ಕಣಕ್ಕೆ ಗೋಡೆ ಬೇರೆ ಇಲ್ಲ ಅಂತೀರಿ, ಕರಗ್ದೆ ಇರ್ತೈತಾ? ಹೊಳೆ ದಂಡೇಲೇ ಕೊಯ್ದು ನೋಡಾಣ ಬನ್ನಿ."

"ಸ್ಲೈಡ್ ತೊಳೆಯೋರು ಸಿದ್ಧಾಂತ ಹೇಳೋ ಕಾಲ ಬಂತಲ್ಲ ಮಾರಾಯ!" ಎಂದು ಮಾರ್ಗದರ್ಶಕರು ನಕ್ಕರು. ನಗುವಂಥದ್ದು ಅದರಲ್ಲೇನಿತ್ತು?

ಮರುದಿನ ಭದ್ರಾ ಹೊಳೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತ ಬೀರಪ್ಪನವರು, ಬಲೆಯಿಂದ ಬಂದ ಮೀನನ್ನು ಅಲ್ಲೇ ಕೊಯ್ದು, ನಿಮಿಷದೊಳಗೆ ಅಂಡಾಶಯವನ್ನು ಕೋಶಗಳು ಕೆಡದಂತೆ ಹಿಡಿದಿಡುವ ದ್ರಾವಣಕ್ಕೆ ಹಾಕಿದರು. ವಾರದ ನಂತರ ನೋಡಿದರೆ ಪ್ರತಿ ಎಳೆ ಮೊಟ್ಟೆಯಲ್ಲೂ ಆ ಜೀನಿನ ಸಂದೇಶವನ್ನು ಗುರುತಿಸುವ ಬಣ್ಣ ಹೊತ್ತ ಕಣಗಳ ಗುಂಪು!

ಪ್ರಬಂಧ ಅಚ್ಚಾಯಿತು. ಸೂಕ್ಷ್ಮದರ್ಶಕ ಎರವಲು ಕೊಟ್ಟವರ ಹೆಸರೂ ಅದರಲ್ಲಿತ್ತು, ಬೀರಪ್ಪನವರದು ಮಾತ್ರ ಇರಲಿಲ್ಲ. ಕರಡು ನೋಡಿದ್ದ ಸುಪ್ರಿಯಾ ತನ್ನ ಡಾಕ್ಟರೇಟಿಗೆ ಕಲ್ಲು ಬೀಳುವ ಭಯಕ್ಕೆ ತುಟಿ ಹೊಲಿದುಕೊಂಡಳು. ಥೂ, ಆ ಹೇಡಿತನಕ್ಕೆ ಇಂದಿಗೂ ಕ್ಷಮೆಯಿಲ್ಲ. ಬೀರಪ್ಪನವರು ಹೆಸರುಗಳ ಮೇಲೆ ಬೆರಳಾಡಿಸಿ, "ಚಿತ್ರ ಚೆನ್ನಾಗಿ ಬಂದೈತೆ" ಎಂದಷ್ಟೇ ಹೇಳಿದರು.

ಕಳೆದ ತಿಂಗಳು ಅವಳು ಪ್ರಬಂಧ ಅಚ್ಚಾದ ಸಂಶೋಧನಾ ಪತ್ರಿಕೆಗೆ ಬರೆದು ಅವರ ಹೆಸರು ಸೇರಿಸಲು ಕೇಳಿದಳು. ಎಲ್ಲ ಲೇಖಕರ ಸಹಿ ಬೇಕೆಂದು ಉತ್ತರ ಬಂತು. ಮಾರ್ಗದರ್ಶಕರು ಇನ್ನೂ ಸಹಿ ಹಾಕಿಲ್ಲ.

ಶಂಕರಘಟ್ಟದ ವಿಶ್ವವಿದ್ಯಾಲಯದ ಸಂಶೋಧಕರು ಹೊಳೆದಂಡೆಯ ಈ ವಿದ್ಯೆ ಕಲಿಸಲು ಬೀರಪ್ಪನವರನ್ನು ಕರೆದಿದ್ದಾರೆ. ಅವರು ನೂರು ವರ್ಷ ಗಟ್ಟಿಮುಟ್ಟಾಗಿ ಬಾಳಲಿ, ಇನ್ನೂ ನೂರು ಕೈಗಳ ನಡುಕ ಬಿಡಿಸಲಿ. ಬೀಳ್ಕೊಡುಗೆ ಸಮಾರಂಭದಲ್ಲಿ ಅವರಿಗೆ ಶಾಲು ಹೊದಿಸುವವರು ಅದೇ ಮಾರ್ಗದರ್ಶಕರಂತೆ. ಶಾಲು ಆಮೇಲಾಗಲಿ ಸಾರ್, ಆ ಕೈ ಮೊದಲು ಸಹಿ ಹಾಕಲಿ.